ಮೊಣಕಾಲು ನೋವಿರುವ ಅಪ್ಪನಿಗೆ ಜಲಪಾತದ ನೀರು ಮುಟ್ಟಬೇಕಂತೆ, ಶಿರಸಿ-ಯಲ್ಲಾಪುರ ಕಡೆ ಯಾವುದು ಆಗುತ್ತದೆ?

ಕಾಳಿಸೇತುವೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಕಾರವಾರದಲ್ಲಿ. ಅಪ್ಪನಿಗೆ 73 ವರ್ಷ, ಬಲ ಮೊಣಕಾಲಿನ ಆಪರೇಶನ್ ಆಗಿದೆ. ಕೋಲು ಹಿಡಿದು ನಡೆಯುತ್ತಾರೆ. ಸಪಾಟು ದಾರಿಯಾದರೆ ನಡುವೆ ಕೂತು ಎದ್ದು ಒಂದು ಕಿಲೋಮೀಟರ್ ನಡೆಯುತ್ತಾರೆ, ತೊಂದರೆ ಇಲ್ಲ. ಮೆಟ್ಟಿಲು ಬಂದರೆ ಮಾತ್ರ ಕಷ್ಟ, ಅದರಲ್ಲೂ ಹತ್ತುವುದಕ್ಕಿಂತ ಇಳಿಯುವುದು ಜಾಸ್ತಿ ಕಷ್ಟ.

ಅಪ್ಪ ಕದ್ರಾ ಅಣೆಕಟ್ಟು ಕಟ್ಟುವಾಗಿನಿಂದ ಅಲ್ಲೇ ದುಡಿದವರು. ನೀರು ಅಂದರೆ ಅವರಿಗೆ ಗೇಟಿನಿಂದ ಬರುವ ನೀರು. ಜೋಗಕ್ಕೆ ಕರೆದುಕೊಂಡು ಹೋಗಿದ್ದೆವು, ಕಟ್ಟೆಯ ಮೇಲೆ ನಿಂತು ನೋಡಿ "ಚಂದ ಇದೆ, ಆದರೆ ಟೀವಿಯಲ್ಲೂ ಇಷ್ಟೇ ಕಾಣ್ತದೆ" ಅಂದುಬಿಟ್ಟರು. ಈಗ ಅವರ ಹಟ ಏನೆಂದರೆ ದೂರದಿಂದ ನೋಡುವುದು ಬೇಡ, ಹತ್ತಿರ ಹೋಗಿ ನೀರಿಗೆ ಕೈ ಹಾಕಬೇಕು, ಮುಖಕ್ಕೆ ಹನಿ ಹಾರಬೇಕು.

ದೀಪಾವಳಿ ರಜೆಗೆ ತಂಗಿ ಬೆಂಗಳೂರಿನಿಂದ ಬರುತ್ತಾಳೆ, ಜೊತೆಗೆ ಅವಳ ಐದು ವರ್ಷದ ಮಗ. ಆಗ ಒಂದು ದಿನ ಹೋಗೋಣ ಅಂತ. ಮಾಗೋಡು, ಉಂಚಳ್ಳಿ, ಸಾತೊಡ್ಡಿ, ವಿಭೂತಿ ಅಂತ ನಾಲ್ಕು ಹೆಸರು ಎಲ್ಲ ಕಡೆ ಬರುತ್ತವೆ. ಎಲ್ಲದಕ್ಕೂ "ಸುಲಭದ ದಾರಿ, ಫ್ಯಾಮಿಲಿಗೆ ಚೆನ್ನಾಗಿದೆ" ಅಂತ ಬರೆದಿರುತ್ತಾರೆ. ಬರೆದವರ ಫೋಟೋ ನೋಡಿದರೆ ಎಲ್ಲರೂ ಇಪ್ಪತ್ತೈದರ ಹುಡುಗರು. ಮೆಟ್ಟಿಲು ಎಷ್ಟಿದೆ, ಕೈ ಹಿಡಿಯಲು ಕಂಬಿ ಇದೆಯಾ, ಕೂರಲು ಜಾಗ ಇದೆಯಾ, ಇದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

---

ಬೇಡ್ತಿದಂಡೆ ಬರೆದದ್ದು:

ಅಕ್ಕ, ನಾನು ಯಲ್ಲಾಪುರ ತಾಲೂಕಿನವನು. ಒಂದೇ ಮಾತಲ್ಲಿ ಬೇಕಾದರೆ ಸಾತೊಡ್ಡಿಗೆ ಹೋಗಿ. ಯಾಕೆ ಅಂತ ಬೇಕಾದರೆ ಮುಂದೆ ಓದಿ.

ನಮ್ಮ ಜಿಲ್ಲೆಯ ದೊಡ್ಡ ಜಲಪಾತಗಳು ಇರುವುದು ಘಟ್ಟದ ಅಂಚಿನಲ್ಲಿ. ಹೊಳೆ ಮೇಲಿನ ಊರುಗಳಲ್ಲಿ ಸುಮ್ನೆ ಹರಿದು ಬಂದು ಅಂಚಿನಲ್ಲಿ ಒಮ್ಮೆಲೇ ಆಳದ ಕಣಿವೆಗೆ ಹಾರುತ್ತದೆ. ನಮ್ಮ ರಸ್ತೆ ಇರುವುದು ಮೇಲಿನ ಊರಿನ ಕಡೆ. ಹಾಗಾಗಿ ನೀವು ಯಾವಾಗಲೂ ನೀರಿಗಿಂತ ಎತ್ತರದಲ್ಲಿ, ಕಣಿವೆಯ ಈಚೆ ದಂಡೆಯಲ್ಲಿ ನಿಂತಿರುತ್ತೀರಿ. ಮುಟ್ಟಬೇಕು ಅಂದರೆ ಕಣಿವೆಗೆ ಇಳಿಯಬೇಕು, ಇಳಿದ ಮೇಲೆ ಹತ್ತಲೇಬೇಕು. ಮಾಗೋಡಿನಲ್ಲಿ ಬೇಡ್ತಿ ಹೊಳೆ ಎರಡು ಹಂತದಲ್ಲಿ ಸುಮಾರು 200 ಮೀಟರ್ ಬೀಳುತ್ತದೆ. ಗಾಡಿ ನಿಲ್ಲಿಸಿದ ಜಾಗದಿಂದ ಸ್ವಲ್ಪ ನಡೆದರೆ ನೋಡುವ ಕಟ್ಟೆ, ಕಂಬಿ ಎಲ್ಲ ಇದೆ, ಅಪ್ಪನಿಗೆ ಅಷ್ಟು ಕಷ್ಟ ಆಗುವುದಿಲ್ಲ. ಆದರೆ ನೀರು ಇರುವುದು ಎದುರು ಬೆಟ್ಟದಲ್ಲಿ, ನಿಮ್ಮ ಅಪ್ಪ ಅಲ್ಲೂ ಟೀವಿ ಮಾತೇ ಹೇಳುತ್ತಾರೆ. ಉಂಚಳ್ಳಿಯ ಕಥೆಯೂ ಇದೇ, ಸಾಲದ್ದಕ್ಕೆ ಅಲ್ಲಿ ಮೆಟ್ಟಿಲು ಜಾಸ್ತಿ.

ಸಾತೊಡ್ಡಿ ಹಾಗಲ್ಲ. ಎತ್ತರ ಸುಮಾರು 15 ಮೀಟರ್ ಅಷ್ಟೇ, ಆದರೆ ಅಗಲ ಇದೆ, ಕಾಡಿನ ಬೇರೆ ಬೇರೆ ಹಳ್ಳಗಳು ಸೇರಿ ಬಂದು ಹರಡಿಕೊಂಡು ಬೀಳುತ್ತವೆ. ಮುಖ್ಯ ಏನೆಂದರೆ ಅಲ್ಲಿಗೆ ಹೋಗುವುದು ಕೆಳಗಿನಿಂದ, ಅಂದರೆ ಬಿದ್ದ ನೀರು ಹರಿದು ಹೋಗುವ ದಿಕ್ಕಿನಿಂದ. ಗಾಡಿ ನಿಲ್ಲಿಸಿ ಕಾಡಿನೊಳಗೆ ಒಂದು ಕಿಲೋಮೀಟರ್ ಹತ್ತಿರ ನಡಿಗೆ. ದಾರಿ ಹೆಚ್ಚುಕಡಿಮೆ ಸಪಾಟು, ಮರದ ನೆರಳು, ಒಂದು ಕಡೆ ಹಿನ್ನೀರು ಕಾಣುತ್ತಾ ಇರುತ್ತದೆ. ಆ ಹಿನ್ನೀರು ಕಾಳಿಯದ್ದು, ಕೊಡಸಳ್ಳಿ ಅಣೆಕಟ್ಟಿನದು. ಕೊಡಸಳ್ಳಿಯಿಂದ ಬಿಟ್ಟ ನೀರು ಬಂದು ಸೇರುವುದು ಕದ್ರಾಕ್ಕೆ, ನಿಮ್ಮ ಅಪ್ಪನಿಗೆ ನಾನು ಹೇಳಬೇಕಾಗಿಲ್ಲ. ಅವರು ಇಷ್ಟು ವರ್ಷ ಗೇಟಿನಲ್ಲಿ ನೋಡಿದ ನೀರಿನಲ್ಲಿ ಸಾತೊಡ್ಡಿಯದೂ ಇತ್ತು ಅನ್ನಿ, ಖುಷಿಪಡುತ್ತಾರೆ.

ಕೊನೆಯ ತುಂಡು ಮಾತ್ರ ಹುಷಾರು. ನೀರಿನ ಹತ್ತಿರ ಬರುತ್ತಿದ್ದ ಹಾಗೆ ದಾರಿ ಮುಗಿದು ಬಂಡೆಗಳು ಶುರುವಾಗುತ್ತವೆ. ಅಬ್ಬಿಯ ಬುಡದವರೆಗೆ ಅಪ್ಪನನ್ನು ಕರೆದುಕೊಂಡು ಹೋಗುವ ಉಸಾಬರಿ ಬೇಡ. ಸ್ವಲ್ಪ ಈಚೆಗೇ ಹಳ್ಳ ಹರಿದು ಬರುವ ಕಡೆ ಒಳ್ಳೆಯ ಕಲ್ಲು ನೋಡಿ ಕೂರಿಸಿ. ಅಲ್ಲಿ ಕೈಯೂ ಹಾಕಬಹುದು, ಕಾಲೂ ಇಳಿಬಿಡಬಹುದು, ಅಬ್ಬಿ ಎದುರಿಗೇ ಕಾಣುತ್ತದೆ. ಗಾಳಿ ಈ ಕಡೆ ಬೀಸಿದರೆ ಹನಿ ತಾನೇ ಮುಖಕ್ಕೆ ಬರುತ್ತದೆ.

ಯಲ್ಲಾಪುರದಿಂದ 32 ಕಿಲೋಮೀಟರ್. ಕೊನೆಯ ಭಾಗ ಕಾಡಿನ ಸಣ್ಣ ರಸ್ತೆ, ಎದುರಿಗೆ ಗಾಡಿ ಬಂದರೆ ಯಾರಾದರೂ ಹಿಂದೆ ಹೋಗಬೇಕು. ದಾರಿಯಲ್ಲಿ ಮೊಬೈಲ್ ನೆಟ್‌ವರ್ಕ್ ನಂಬಬೇಡಿ. ಪೆಟ್ರೋಲು, ಊಟ, ಬಾತ್‌ರೂಮು ಎಲ್ಲ ಯಲ್ಲಾಪುರ ಪೇಟೆಯಲ್ಲೇ ಮುಗಿಸಿ.

---

ಹೆಗ್ಗರಣೆ ಪೋರ ಬರೆದದ್ದು:

ಬೇಡ್ತಿದಂಡೆಯವರೇ, ಉಂಚಳ್ಳಿಯನ್ನು ಒಂದೇ ಸಾಲಲ್ಲಿ ಮುಗಿಸಿದ್ದು ಸರಿಯಾ? ಅಘನಾಶಿನಿ 116 ಮೀಟರ್ ಬೀಳುವುದನ್ನು ನೋಡದೆ ಸಾತೊಡ್ಡಿ ನೋಡಿದರೆ ಜಿಲ್ಲೆ ನೋಡಿದ ಹಾಗೆ ಆಗುತ್ತದಾ? ಸಾತೊಡ್ಡಿಯಂಥ ಹಳ್ಳ ನಮ್ಮ ತೋಟದ ಹಿಂದೆಯೇ ಇದೆ ಮಾರಾಯ್ರೇ, ಹೆಸರಿಲ್ಲ ಅಷ್ಟೇ.

ಹೊರಗಿನವರು ಅದನ್ನು ಲುಶಿಂಗ್ಟನ್ ಫಾಲ್ಸ್ ಅಂತಾರೆ, 1845ರಲ್ಲಿ ಲುಶಿಂಗ್ಟನ್ ಅನ್ನುವ ಬ್ರಿಟಿಷ್ ಅಧಿಕಾರಿ "ಕಂಡುಹಿಡಿದ" ಅಂತ. ಅವನಿಗಿಂತ ಮುಂಚೆ ನಮ್ಮ ಅಜ್ಜಂದಿರು ಅದರ ಸದ್ದಿಗೆ ಕಿವಿ ಮುಚ್ಚಿಕೊಂಡು ಕೆಪ್ಪ ಜೋಗ ಅಂತ ಕರೆದದ್ದು ಲೆಕ್ಕಕ್ಕೇ ಇಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ ಹೋದರೆ ನೋಡುವ ಮುಂಚೆಯೇ ಕೇಳುತ್ತದೆ. ಮೇಲೆ ಎಲ್ಲೂ ಅಣೆಕಟ್ಟು ಇಲ್ಲ, ಹಾಗಾಗಿ ಗೇಟು ಬಿಟ್ಟರೋ ಇಲ್ಲವೋ ಅಂತ ಪೇಪರ್ ನೋಡಿ ಹೊರಡುವ ಗೋಜಿಲ್ಲ, ಮಳೆ ಬಂದಷ್ಟು ನೀರು. ಆ ಕಾಡು ಸಿಂಗಳೀಕಗಳ ಸಂರಕ್ಷಣಾ ಪ್ರದೇಶ ಬೇರೆ. ಅದೃಷ್ಟ ಇದ್ದರೆ ಮರದ ತುದಿಯಲ್ಲಿ ಸಿಂಹದ ಬಾಲದ ಕಪ್ಪು ಮಂಗ ನೋಡಲು ಸಿಗುತ್ತದೆ, ಮಗು ಇದೆ ಅಂದಿರಲ್ಲ.

ಮೆಟ್ಟಿಲು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಡುನಡುವೆ ನಿಂತು ನೋಡುವ ಜಾಗ ಇವೆ. ಪೂರ್ತಿ ಕೆಳಗೆ ಇಳಿಯದೆ ಮೇಲಿನ ಕಟ್ಟೆಯಿಂದಲೂ ನೋಡಬಹುದು.

---

ಬೇಡ್ತಿದಂಡೆ ಬರೆದದ್ದು:

ತಮ್ಮಾ, ಉಂಚಳ್ಳಿ ಚಂದ ಅಲ್ಲ ಅಂತ ಯಾರು ಹೇಳಿದರು? ಅವರು ಕೇಳಿದ್ದು ಚಂದ ಯಾವುದು ಅಂತ ಅಲ್ಲ, ಕೋಲು ಹಿಡಿದ ಅಪ್ಪ ನೀರು ಮುಟ್ಟುವುದು ಎಲ್ಲಿ ಅಂತ. ಮೇಲಿನ ಕಟ್ಟೆಯಿಂದ ನೋಡಿ ಬರುವುದಾದರೆ ಅವರು ಜೋಗವನ್ನೇ ಇನ್ನೊಂದು ಸಲ ನೋಡಬಹುದು, ಅಲ್ಲಿ ಗಾಡಿ ಇಳಿದು ನಾಲ್ಕು ಹೆಜ್ಜೆ. ಇನ್ನು ನಿನ್ನ ತೋಟದ ಹಿಂದಿನ ಹಳ್ಳಕ್ಕೆ ಯಾವ ದಿನ ಬರಬೇಕು ಹೇಳು, ಕಷಾಯ ನಿನ್ನದು.

---

ಮಂಜುಗುಣಿ ತೀರ ಬರೆದದ್ದು:

ಕಾರವಾರದಿಂದ ಹೊರಟರೆ ಯಲ್ಲಾಪುರಕ್ಕೇ ಸುಮಾರು 100 ಕಿಲೋಮೀಟರ್, ಆಮೇಲೆ 32. ಹೋಗಿ ಬರುವುದರಲ್ಲಿ ಮೊಣಕಾಲು ಕಾರಿನಲ್ಲೇ ಹಿಡಿದುಕೊಳ್ಳುತ್ತದೆ. ಅರಬೈಲು ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಅದೊಂದು ಬೇರೆ. ನಾನು ಅಂಕೋಲೆ ಕಡೆಯವನು, ಹಾಗಾಗಿ ಘಟ್ಟದ ಕೆಳಗಿನದು ಹೇಳುತ್ತೇನೆ.

ವಿಭೂತಿ ಜಲಪಾತ ನಮ್ಮ ತಾಲೂಕಿನದು, ಮಾಬಗೆ ಊರಿನ ಹತ್ತಿರ, ಅಚವೆ ಮೇಲೆ ಹೋಗಬೇಕು. ಇದೂ ಕೆಳಗಿನಿಂದಲೇ ಹೋಗಿ ಸೇರುವ ಜಾಗ, ಕೆಳಗೆ ಗುಂಡಿ ಇದೆ, ನೀರು ಮುಟ್ಟಬಹುದು. ಆದರೆ ಸಾತೊಡ್ಡಿಯಷ್ಟು ಸಪಾಟಲ್ಲ, ಕಾಡುದಾರಿಯಲ್ಲಿ ಏರು ಇಳಿವು, ಕಲ್ಲು ಬೇರು ಎಲ್ಲ ಇದೆ. ಅಪ್ಪನಿಗೆ ಆಗುತ್ತದೆ ಅಂತ ನಾನು ಬಾಯಿ ಬಿಟ್ಟು ಹೇಳಲಾರೆ. ಯಾಣ ಹತ್ತಿರವೇ ಇದೆ, ಆದರೆ ಎರಡನ್ನೂ ಒಂದೇ ದಿನ ಸೇರಿಸಲು ಹೋಗಬೇಡಿ. ಹಾಗೆ ಸೇರಿಸಿದವರು ಎರಡೂ ಕಡೆ ಫೋಟೋ ಹೊಡೆದು ಓಡುತ್ತಾರೆ ಅಷ್ಟೇ.

ಕಾರವಾರಕ್ಕೆ ತೀರಾ ಹತ್ತಿರ ಅಂದರೆ ಚೆಂಡಿಯಾದ ನಾಗರಮಡಿ. ಅಲ್ಲಿಗೆ ಅಪ್ಪನನ್ನೂ ಮಗುವನ್ನೂ ಕರೆದುಕೊಂಡು ಹೋಗಬೇಡಿ. ಬಂಡೆಗಳ ನಡುವೆ ಹಳ್ಳದಲ್ಲೇ ಹೋಗುವ ದಾರಿ. 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಬಂದ ಪ್ರವಾಸಿಗಳು ಅಲ್ಲಿ ಒಮ್ಮೆಲೇ ಏರಿದ ನೀರಿಗೆ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು, ನೀವು ಅಲ್ಲಿಯವರೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ದೀಪಾವಳಿ ಹೊತ್ತಿಗೆ ಮಳೆ ಮುಗಿಯಿತು ಅಂತ ಎಲ್ಲರೂ ಮೈಮರೆಯುತ್ತಾರೆ. ಮುಂಗಾರು ಮುಗಿದ ಮೇಲೆ ಬರುವುದು ಗುಡುಗು ಮಳೆ. ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು, ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಕಪ್ಪು ಕಟ್ಟುತ್ತದೆ. ನೀವು ನಿಂತಲ್ಲಿ ಒಂದು ಹನಿ ಬಿದ್ದಿರುವುದಿಲ್ಲ, ಮೇಲೆ ಗುಡ್ಡದಲ್ಲಿ ಅರ್ಧ ಗಂಟೆ ಸುರಿದರೂ ಸಾಕು, ಹಳ್ಳ ಸಣ್ಣದು, ಗುಡ್ಡ ಕಡಿದು, ನೀರಿಗೆ ನಿಲ್ಲಲು ಎಲ್ಲೂ ಜಾಗ ಇಲ್ಲ, ಎಲ್ಲವೂ ಒಟ್ಟಿಗೆ ಕೆಳಗೆ ಬರುತ್ತದೆ. ಬರುವ ಮುಂಚೆ ಗೊತ್ತಾಗುತ್ತದೆ, ನೋಡುವ ಕಣ್ಣಿದ್ದರೆ. ತಿಳಿನೀರು ಕೆಂಪಗೆ ಕದಡುತ್ತದೆ. ತರಗೆಲೆ, ಕಡ್ಡಿ, ನೊರೆ ತೇಲಿ ಬರುತ್ತವೆ. ಸದ್ದು ದಪ್ಪ ಆಗುತ್ತದೆ. ಇದರಲ್ಲಿ ಒಂದು ಕಂಡರೂ ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ, ಮೊದಲು ದಂಡೆ ಹತ್ತಿ. ಅಪ್ಪನನ್ನು ಕೂರಿಸುವ ಕಲ್ಲು ಕೂಡ ದಂಡೆಗೆ ತಾಗಿದ್ದೇ ಆಗಿರಲಿ. ಹಳ್ಳದ ನಡುವಿನ ಕಲ್ಲು ಫೋಟೋಕ್ಕೆ ಎಷ್ಟೇ ಚಂದ ಇದ್ದರೂ ಬೇಡ, ಅವರು ಓಡಿ ಬರಲು ಆಗುವುದಿಲ್ಲ ಅಲ್ವಾ.

---

ಕಾಳಿಸೇತುವೆ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಕೆಳಗಿನಿಂದ ಹೋಗುವ ಜಲಪಾತ, ಮೇಲಿನಿಂದ ಹೋಗುವ ಜಲಪಾತ ಅಂತ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. ಕೊಡಸಳ್ಳಿ ಹೆಸರು ಕೇಳಿದ ಮೇಲೆ ಸಾತೊಡ್ಡಿಯೇ ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಈಗ ನನಗಿಂತ ಅವರದ್ದೇ ಅವಸರ.

ಇನ್ನು ಕೆಲವು ಸಂಶಯ ಇವೆ. ಒಂದೇ ದಿನದಲ್ಲಿ ಹೋಗಿ ಬರುವುದಾ ಅಥವಾ ಯಲ್ಲಾಪುರದಲ್ಲೋ ಶಿರಸಿಯಲ್ಲೋ ಉಳಿಯುವುದಾ? ಉಂಬಳ (ಜಿಗಣೆ) ಇರುತ್ತದಾ? ತಂಗಿಗೆ ಉಂಬಳ ಅಂದರೆ ಅಳು ಬರುತ್ತದೆ, ಮಗನಿಗಿಂತ ಅವಳನ್ನೇ ಸಂಭಾಳಿಸಬೇಕು. ಮತ್ತೆ ಅಪ್ಸರಕೊಂಡ ಹೇಗೆ ಅಂತ ಯಾರೂ ಹೇಳಲಿಲ್ಲ.

---

ಸಿದ್ದಾಪುರ ಸೀಮೆ ಬರೆದದ್ದು:

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಹಾಗಾಗಿ ಜಲಪಾತ ಬಿಟ್ಟು ಕಾಲಿನ ಬಗ್ಗೆ ಮೊದಲು ಹೇಳುತ್ತೇನೆ.

ಕೋಲು ಹಿಡಿಯುವುದು ನೋವಿರುವ ಕಾಲಿನ ಕಡೆಯ ಕೈಯಲ್ಲಿ ಅಲ್ಲ, ಎದುರು ಕೈಯಲ್ಲಿ. ಅಪ್ಪನಿಗೆ ಬಲ ಮೊಣಕಾಲು ಅಂದರೆ ಕೋಲು ಎಡಗೈಗೆ. ಎಷ್ಟೋ ಜನ ಉಲ್ಟಾ ಹಿಡಿದಿರುತ್ತಾರೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲಿನ ತುದಿಯ ರಬ್ಬರ್ ಸವೆದಿದ್ದರೆ ಹೊರಡುವ ಮುಂಚೆ ಹೊಸದು ಹಾಕಿಸಿ, ಪಾಚಿ ಕಲ್ಲಿನ ಮೇಲೆ ಸವೆದ ರಬ್ಬರ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಹವಾಯಿ ಚಪ್ಪಲಿ ಬೇಡವೇ ಬೇಡ. ಹಿಂದೆ ಪಟ್ಟಿ ಇರುವ, ಅಡಿ ಹಲ್ಲು ಹಲ್ಲಾಗಿರುವ ಸ್ಯಾಂಡಲ್ ಹಾಕಿಸಿ. ನೀರು ತುಂಬಾ ತಣ್ಣಗಿರುತ್ತದೆ, ಕಾಲು ಜಾಸ್ತಿ ಹೊತ್ತು ಇಟ್ಟುಕೊಂಡು ಕೂತರೆ ಏಳುವಾಗ ಮೊಣಕಾಲು ಬಿಗಿಯುತ್ತದೆ. ಎದ್ದ ಕೂಡಲೇ ನಡೆಸಬೇಡಿ, ಒರೆಸಿ, ಕಾಲು ನಾಲ್ಕು ಸಲ ಚಾಚಿ ಮಡಚಿ, ಆಮೇಲೆ. ಇಷ್ಟು ದೂರದ ಪ್ರಯಾಣಕ್ಕೆ ಒಮ್ಮೆ ಅವರ ಡಾಕ್ಟರನ್ನೂ ಕೇಳಿಬಿಡಿ.

ಉಂಬಳ ಮಳೆಗಾಲದಷ್ಟು ಇರುವುದಿಲ್ಲ, ಆದರೆ ಹಸಿ ತರಗೆಲೆ ಇರುವಲ್ಲಿ ಆಗಲೂ ಇರುತ್ತದೆ. ಎಲೆಅಡಿಕೆಯ ಸುಣ್ಣ ಹಚ್ಚಿದರೆ ಬಿಡುತ್ತದೆ, ಉಪ್ಪೂ ಆಗುತ್ತದೆ. ಕಚ್ಚಿದ ಜಾಗದಲ್ಲಿ ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಹೆದರಬೇಡಿ, ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿರುತ್ತದೆ. ಅಪ್ಪ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮೊದಲೇ ಕಾಲಿಗೆ ಉದ್ದ ಸಾಕ್ಸ್ ಹಾಕಿ ಪ್ಯಾಂಟನ್ನು ಅದರೊಳಗೆ ಸಿಕ್ಕಿಸಿ.

ಉಂಬಳಕ್ಕಿಂತ ನಾನು ಹೆದರುವುದು ಉಣುಗಿಗೆ, ಅಂದರೆ ಉಣ್ಣೆಗೆ. ಮಂಗನಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, ನಮಗೆ ಪಕ್ಕದ ತಾಲೂಕು. ನಮ್ಮ ಸಿದ್ದಾಪುರದಲ್ಲಿ 2024ರಲ್ಲೂ ಜನ ಸತ್ತಿದ್ದಾರೆ. ದೀಪಾವಳಿ ಹೊತ್ತಿಗೆ ಅಷ್ಟು ಭಯ ಇಲ್ಲ, ಕಾಡು ಒಣಗುತ್ತಾ ಬಂದ ಹಾಗೆ, ಡಿಸೆಂಬರಿನಿಂದ ಬೇಸಿಗೆಯವರೆಗೆ ಅದರ ಕಾಲ. ಹಾಗಾಗಿ "ಜನವರಿಗೆ ಹೋಗಿ, ದಾರಿ ಒಣಗಿರುತ್ತದೆ, ಉಂಬಳ ಇಲ್ಲ" ಅಂತ ಯಾರಾದರೂ ಹೇಳಿದರೆ ಇದನ್ನೂ ನೆನಪಿಡಿ. ಆಗ ಹೋಗುವವರು ತರಗೆಲೆಯ ಮೇಲೆ ಬೆಡ್‌ಶೀಟ್ ಹಾಸಿ ಮಲಗುವುದು, ಮಗುವನ್ನು ಪೊದೆಯಲ್ಲಿ ಆಡಲು ಬಿಡುವುದು ಮಾಡಬಾರದು. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಬಾರದು, ಊರವರಿಗೋ ಅರಣ್ಯ ಇಲಾಖೆಯವರಿಗೋ ಹೇಳಬೇಕು. ಮನೆಗೆ ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ.

---

ಶರಾವತಿ ಅಳಿವೆ ಬರೆದದ್ದು:

ಅಪ್ಸರಕೊಂಡ ನಮ್ಮ ಹೊನ್ನಾವರದ್ದು. ಪೇಟೆಯಿಂದ 8 ಕಿಲೋಮೀಟರ್ ಹತ್ತಿರ, ಕಾಸರಕೋಡು ದಾಟಿ. ಗಾಡಿ ಹತ್ತಿರದವರೆಗೂ ಹೋಗುತ್ತದೆ. ಅಬ್ಬಿ ಸಣ್ಣದು, ಕೆಳಗೆ ಗುಂಡಿ, ಪಕ್ಕದಲ್ಲಿ ಪಾಂಡವರದು ಅನ್ನುವ ಗುಹೆ. ಗುಡ್ಡದ ಮೇಲಿಂದ ಸಮುದ್ರ ಕಾಣುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಆದರೆ ಗುಂಡಿಗೆ ಹೋಗಲು ಮೆಟ್ಟಿಲು ಇಳಿಯಬೇಕು. ಅಪ್ಪನನ್ನು ಮೇಲೆ ಕೂರಿಸಿ ನೀವು ಇಳಿದು ಬರುವುದಾದರೆ ಸರಿ, ಅವರೇ ಮುಟ್ಟಬೇಕು ಅಂದರೆ ಬೇಡ. ಬೇಸಿಗೆಯಲ್ಲಂತೂ ನೀರು ಕಮ್ಮಿ, ಆಗ ಹೋಗಿ ನಿರಾಸೆ ಪಟ್ಟುಕೊಂಡು ಬೈದವರನ್ನು ನೋಡಿದ್ದೇನೆ.

---

ಸೋಂದೆ ಕಡೆಯವಳು ಬರೆದದ್ದು:

ಉಳಿಯುವ ಬಗ್ಗೆ ಕೇಳಿದಿರಿ. ಉಳಿಯಿರಿ ಅಕ್ಕಾ, ಒಂದೇ ದಿನಕ್ಕೆ ಆಗುವ ಮಾತಲ್ಲ. ಯಲ್ಲಾಪುರದಲ್ಲಿ ಲಾಡ್ಜ್ ಇವೆ, ಊರೊಳಗೆ ತೋಟದ ಮನೆಗಳಲ್ಲಿ ಹೋಂಸ್ಟೇ ಕೂಡ ಇವೆ. ಬುಕ್ ಮಾಡುವಾಗ ಮೂರು ವಿಷಯ ಕೇಳಿ. ಅಪ್ಪನ ರೂಮು ಕೆಳಗಿದೆಯಾ, ಕೂರುವ ಕಮೋಡ್ ಇದೆಯಾ, ಕಾರು ಅಂಗಳದವರೆಗೆ ಬರುತ್ತದಾ. ನಮ್ಮ ಕಡೆ ಮನೆಗಳು ಗುಡ್ಡದ ಇಳಿಜಾರಿನಲ್ಲಿ ಇರುತ್ತವೆ, ರಸ್ತೆಯಿಂದ ಮನೆಗೆ ಇಳಿಯುವ ಕಲ್ಲು ಮೆಟ್ಟಿಲೇ ಜಲಪಾತಕ್ಕಿಂತ ಜಾಸ್ತಿ ಇದ್ದರೆ ಏನು ಮಾಡುತ್ತೀರಿ? ಹೇಳುವಾಗ "ಇಲ್ಲೇ ನಾಲ್ಕು ಮೆಟ್ಟಿಲು" ಅನ್ನುತ್ತಾರೆ, ನಂಬಬೇಡಿ. ನಮಗೆ ಅಭ್ಯಾಸ ಆಗಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. ವಾಟ್ಸಾಪಿನಲ್ಲಿ ಫೋಟೋ ತರಿಸಿಕೊಳ್ಳಿ.

ಎರಡನೇ ದಿನಕ್ಕೆ ನನ್ನದೊಂದು ಸಲಹೆ, ಜಲಪಾತ ಅಲ್ಲ. ಯಲ್ಲಾಪುರದಿಂದ ಶಿರಸಿಗೆ ಬರುವ ಕಡೆ, ಶಿರಸಿಗೆ 17 ಕಿಲೋಮೀಟರ್ ಇರುವಾಗ ಸಹಸ್ರಲಿಂಗ ಸಿಗುತ್ತದೆ. ಶಾಲ್ಮಲಾ ಹೊಳೆಯ ಬಂಡೆ ಬಂಡೆಗೂ ಲಿಂಗ, ನಂದಿ ಕೆತ್ತಿದ್ದಾರೆ. ಸೋದೆಯ ಅರಸ ಸದಾಶಿವರಾಯನ ಕಾಲದ್ದು ಅನ್ನುತ್ತಾರೆ, ಅವನು ಆಳಿದ್ದು 1678ರಿಂದ 1718ರವರೆಗೆ. ಜೋರು ಮಳೆಗಾಲದಲ್ಲಿ ಹೋದರೆ ಲಿಂಗಗಳೆಲ್ಲ ನೀರಿನೊಳಗೆ, ಕಾಣುವುದಿಲ್ಲ. ನೀರು ಇಳಿದ ಮೇಲೆ ಒಂದೊಂದೇ ಮೇಲೆ ಬರುತ್ತವೆ, ದೀಪಾವಳಿ ಹೊತ್ತಿಗೆ ಎಷ್ಟು ಬಂದಿರುತ್ತವೆ ಅನ್ನುವುದು ಆ ವರ್ಷದ ಮಳೆ ನೋಡಿ. ಹೊಳೆಗೆ ಇಳಿಯಲು ಅಲ್ಲೂ ಮೆಟ್ಟಿಲು ಇದೆ, ಆದರೆ ಕಣಿವೆಯಲ್ಲ, ಹೊಳೆ ದಂಡೆ ಅಷ್ಟೇ. ಅಪ್ಪನಿಗೆ ಅವತ್ತು ಕಾಲು ಹೇಗಿದೆ ನೋಡಿ ಇಳಿಸಿ, ಬೇಡ ಅನ್ನಿಸಿದರೆ ಮೇಲೆ ನೆರಳಲ್ಲಿ ಕೂರಿಸಿ.

ಶಿವಗಂಗಾ ಜಲಪಾತವೂ ಶಾಲ್ಮಲೆಯದೇ, ಆದರೆ ನಿಮ್ಮ ಅಪ್ಪನಿಗೆ ಅದು ಬೇಡ. ದೂರದಿಂದ ನೋಡುವುದು, ದಾರಿಯೂ ಕಷ್ಟ.

---

ಹೆಗ್ಗರಣೆ ಪೋರ ಬರೆದದ್ದು:

ಸರಿ, ಸಾತೊಡ್ಡಿಗೇ ಹೋಗಿ, ನಾನು ಸೋತೆ. ಆದರೂ ಒಂದು ಮಾತು ಇದೆ. ಇಷ್ಟು ವರ್ಷ ಆಯಿತು, ಇಡೀ ಜಿಲ್ಲೆ "ಜಲಪಾತಗಳ ಜಿಲ್ಲೆ" ಅಂತ ಬೋರ್ಡು ಹಾಕಿಕೊಂಡು ಕೂತಿದೆ, ಎಲ್ಲ ಕಡೆ ಪಾರ್ಕಿಂಗಿಗೆ ದುಡ್ಡು ಕಟ್ಟುತ್ತೇವೆ. ಮುದುಕರು ಕೈ ಹಿಡಿದು ಇಳಿಯಲು ಒಂದು ಕಂಬಿ, ನೂರು ಹೆಜ್ಜೆಗೊಂದು ಕೂರುವ ಕಲ್ಲು ಬೆಂಚು ಎಲ್ಲ ಕಡೆ ಇರಬೇಕಲ್ಲವೇ? ಗಾಜಿನ ಸೇತುವೆ, ಜಿಪ್‌ಲೈನು ಅಂತ ಮಾತಾಡುವವರು ಬೆಂಚಿನ ಬಗ್ಗೆ ಮಾತಾಡುವುದಿಲ್ಲ.

---

ಬೇಡ್ತಿದಂಡೆ ಬರೆದದ್ದು:

ಬೆಂಚಿನ ಮಾತು ನಿಜ. ಆದರೆ ಎಲ್ಲ ಕಡೆ ಕಾಂಕ್ರೀಟ್ ಸುರಿಯಿರಿ ಅನ್ನಲು ನನಗೆ ಧೈರ್ಯ ಇಲ್ಲ. ಈ ಗುಡ್ಡಗಳು ಎಷ್ಟು ಸಡಿಲ ಅಂತ 2021ರ ಜುಲೈನಲ್ಲಿ ಕಳಚೆಯಲ್ಲಿ ನೋಡಿದ್ದೇವೆ. ತೋಟ, ಮನೆ, ರಸ್ತೆ ಎಲ್ಲ ಜಾರಿ ಹೋದವು. ಅದೂ ನಮ್ಮ ಯಲ್ಲಾಪುರ ತಾಲೂಕೇ. ಕಾಡಿನಲ್ಲಿ ಬೆಂಚು ಹಾಕಲು ಜೆಸಿಬಿ ಬೇಕಾಗಿಲ್ಲ, ಊರಿನ ಚಪ್ಪಡಿ ಕಲ್ಲು ಎರಡು ಸಾಕು. ಜೆಸಿಬಿ ಒಳಗೆ ಬಂದರೆ ಬೆಂಚಿನ ಜೊತೆ ರಸ್ತೆ ಬರುತ್ತದೆ, ರಸ್ತೆ ಜೊತೆ ಬಸ್ಸು, ಆಮೇಲೆ ಬಾಟಲಿ.

ಬೇಡ್ತಿ ನದಿಗೆ ಮಾಗೋಡಿನ ಹತ್ತಿರ ವಿದ್ಯುತ್ ಯೋಜನೆ ಬರಬೇಕಿತ್ತು. 80ರ ದಶಕದ ಶುರುವಿನಲ್ಲಿ ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರು ಎದ್ದು ನಿಂತು ವಿರೋಧಿಸಿದ್ದಕ್ಕೆ ಅದು ನಿಂತಿತು. ಹಾಗಾಗಿ ಇಂದು ಮಾಗೋಡಿನಲ್ಲಿ ನೋಡಲು ಏನಾದರೂ ಇದೆ. ಕಾಳಿಯಲ್ಲಿ ಹಾಗೆ ಆಗಲಿಲ್ಲ, ಸೂಪಾ, ಕೊಡಸಳ್ಳಿ, ಕದ್ರಾ ಎಲ್ಲ ಬಂದವು. ಕರೆಂಟು ನಮಗೂ ಬೇಕು, ಅದು ಬೇರೆ ಚರ್ಚೆ, ಇಲ್ಲಿ ಶುರು ಮಾಡಿದರೆ ಅಕ್ಕನ ದೀಪಾವಳಿ ಮುಗಿಯುತ್ತದೆ.

---

ಕಾಳಿಸೇತುವೆ ಬರೆದದ್ದು:

ಯಲ್ಲಾಪುರದಲ್ಲಿ ಒಂದು ರಾತ್ರಿ ಅಂತ ಗಟ್ಟಿ ಮಾಡಿದ್ದೇವೆ. ಕೆಳಗಿನ ರೂಮು, ಕಮೋಡ್ ಇದೆ, ಮೆಟ್ಟಿಲಿನ ಫೋಟೋ ಕೇಳಿದ್ದಕ್ಕೆ ಆ ಮನೆಯವರು ನಕ್ಕರು, ಆದರೆ ಕಳಿಸಿದರು. ಮೂರೇ ಮೆಟ್ಟಿಲು. ಅಪ್ಪ ಕೋಲು ಎಡಗೈಗೆ ಬದಲಾಯಿಸಿ ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದಾರೆ, ಡಾಕ್ಟರು ಇದನ್ನೇ ಹೇಳಿದ್ದರಂತೆ, ನಮಗೆ ಹೇಳಿರಲಿಲ್ಲ.

ಕೊನೆಯ ಪ್ರಶ್ನೆ. ಹಬ್ಬದ ರಜೆಯಲ್ಲಿ ಜನ ಜಾಸ್ತಿ ಇರುತ್ತಾರಾ? ಹೋಗುವ ದಿನ ಜೋರು ಮಳೆ ಬಂದರೆ ಏನು ಮಾಡುವುದು?

---

ಬೇಡ್ತಿದಂಡೆ ಬರೆದದ್ದು:

ಹಬ್ಬದ ದಿನ ಸ್ಥಳೀಯರು ಮನೆಯಲ್ಲಿ ಇರುತ್ತಾರೆ, ಅದರ ಮರುದಿನದಿಂದ ಹುಬ್ಬಳ್ಳಿ, ಬೆಳಗಾವಿ ಗಾಡಿಗಳು ಶುರು. ಶನಿವಾರ ಭಾನುವಾರ ಬಿಟ್ಟು ಹೋಗಿ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿದ್ದರೆ ಅಪ್ಪ ಯಾರ ಕಾಲೂ ತುಳಿಯದೆ, ಯಾರಿಂದಲೂ ತುಳಿಸಿಕೊಳ್ಳದೆ ನಿಧಾನವಾಗಿ ನಡೆಯಬಹುದು. ಮಧ್ಯಾಹ್ನ ಗುಡುಗುವ ಮುಂಚೆ ಯಲ್ಲಾಪುರದಲ್ಲಿ ಊಟಕ್ಕೆ ಕೂತಿರುತ್ತೀರಿ. ಮೇಲೆ ಅಂಕೋಲೆಯವರು ಹೇಳಿದ ಮಾತಿಗೂ ಅದು ಸರಿಹೋಗುತ್ತದೆ.

ಜೋರು ಮಳೆ ಇದ್ದರೆ ಜಲಪಾತಗಳಿಗೆ ಪ್ರವೇಶ ನಿಲ್ಲಿಸುತ್ತಾರೆ, ಅಷ್ಟು ದೂರ ಹೋಗಿ ಗೇಟಿನಿಂದ ವಾಪಸ್ ಬರಬೇಕಾಗುತ್ತದೆ. ಹಿಂದಿನ ರಾತ್ರಿ ನಿಮ್ಮ ಹೋಂಸ್ಟೇಯವರ ಹತ್ತಿರ ವಿಚಾರಿಸಿ, ಅವರಿಗೆ ಗೊತ್ತಿರುತ್ತದೆ. ಮಳೆ ಬಂತು ಅಂದರೆ ಸಾತೊಡ್ಡಿ ಬಿಟ್ಟು ಚಂದ್ಗುಳಿ ಘಂಟೆ ಗಣಪತಿಗೆ ಹೋಗಿ. ಹರಕೆ ತೀರಿದವರು ಕಟ್ಟಿದ ಗಂಟೆಗಳನ್ನು ನೋಡಲು ಮಗುವಿಗೆ ಖುಷಿ. ಅಲ್ಲಿಂದ ಕವಡೀಕೆರೆ ನೋಡಿಕೊಂಡು, ಮಳೆ ನಿಂತರೆ ಮಾಗೋಡಿನ ಕಟ್ಟೆಯವರೆಗೆ ಹೋಗಿ ಬನ್ನಿ. ಮಂಜು ಮುಚ್ಚಿದ್ದರೆ ಅಲ್ಲಿ ಸದ್ದು ಮಾತ್ರ, ನೀರು ಕಾಣುವುದಿಲ್ಲ, ಅದನ್ನು ಅಪ್ಪನಿಗೆ ಮೊದಲೇ ಹೇಳಿಬಿಡಿ.

---

ಮಂಜುಗುಣಿ ತೀರ ಬರೆದದ್ದು:

ವಾಪಸ್ ಬರುವಾಗ ಅರಬೈಲು ಘಟ್ಟ ಕತ್ತಲೆಗೆ ಮುಂಚೆ ಇಳಿದುಬಿಡಿ. ಮತ್ತೆ ಮಗುವಿಗೆ ವಾಂತಿ ಆಗುವ ಅಭ್ಯಾಸ ಇದ್ದರೆ ಯಲ್ಲಾಪುರದಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ, ತಿರುವುಗಳು ಜಾಸ್ತಿ. ಅಂಕೋಲೆಗೆ ಬಂದ ಮೇಲೆ ತಿನ್ನಲು ಬೇಕಾದಷ್ಟಿದೆ.